ರೊಟ್ಟಿ ಬಿಟ್ಟವರ ಸಂಘ

ಉಪ್ಪಿನಬೆಟಗೇರಿಯ ನಮ್ಮ ಓಣಿಯ ಹಿಟ್ಟಿನ ಗಿರಣಿಯಲ್ಲಿ ಜೋಳ, ಗೋದಿ ತೂಗುವ ಕಾಂಟಾ ಒಂದಿದೆ. ಹೋದ ಬೇಸಿಗೆಯಲ್ಲಿ ತವರಿಗೆ ಹೋದಾಗ, ಒಂದು ಸೋಮವಾರ ಮುಂಜಾನೆ, ಅದರ ಮೇಲೆ ಚೀಲದ ಬದಲು ನಮ್ಮ ಸಣ್ಣವ್ವ ನಿಂತಿದ್ದಳು. ಹಿಂದೆ ಇನ್ನೂ ಆರು ಮಂದಿ ಹೆಣ್ಣುಮಕ್ಕಳು ಪಾಳಿಯಲ್ಲಿ. ಗಿರಣಿಯ ಹುಡುಗ "ಎಪ್ಪತ್ತೊಂದೂವರಿ" ಎಂದು ಕೂಗಿದ. ಬೆಲ್ಟಿನ ಸಪ್ಪಳದಲ್ಲಿ ಕೂಗದೆ ಕೇಳಿಸುವುದೂ ಇಲ್ಲ. ಪಕ್ಕದಲ್ಲಿ ಕೂತವಳು ಅದನ್ನು ಬರೆದುಕೊಂಡಳು. ಬರೆದದ್ದು ಸ್ತ್ರೀಶಕ್ತಿ ಸಂಘದ ಉಳಿತಾಯದ ಪುಸ್ತಕದಲ್ಲೇ, ಹಿಂದಿನ ಹಾಳೆಯಲ್ಲಿ. ಮುಂದಿನಿಂದ ರೊಕ್ಕ ಏರುತ್ತದೆ, ಹಿಂದಿನಿಂದ ತೂಕ ಇಳಿಯುತ್ತದೆ.

ಏಳೂ ಮಂದಿ ಮುಂಜಾನೆ ಒಂದು ಗ್ಲಾಸು, ರಾತ್ರಿ ಒಂದು ಗ್ಲಾಸು ಪುಡಿ ಕಲಸಿಕೊಂಡು ಕುಡಿಯುತ್ತಿದ್ದರು. ಮಧ್ಯಾಹ್ನ ಒಂದೇ ರೊಟ್ಟಿ, ಪುಂಡಿಪಲ್ಯ, ಮಡಕಿಕಾಳು. ಹನ್ನೆರಡು ವಾರದ ಲೆಕ್ಕ. ಧಾರವಾಡದಿಂದ ಡಬ್ಬಿ ತರುವುದು ಯಾರು, ರೊಕ್ಕ ಹೇಗೆ ಹಂಚಿಕೊಳ್ಳುವುದು, ಸೋಮವಾರ ತಪ್ಪಿಸಿದವರು ಏನು ಕೊಡಬೇಕು, ಎಲ್ಲ ಮಾತಾಗಿತ್ತು. "ಒಬ್ಬಾಕಿನ ಮಾಡಿದ್ರ ಮೂರ ದಿನ ಆಗಂಗಿಲ್ಲ ನೋಡವಾ, ರೊಟ್ಟಿ ಬಡಿಯೂ ಸಪ್ಪಳ ಕೇಳಿದ್ರ ಸಾಕು" ಎಂದಳು ಸಣ್ಣವ್ವ. ಮನೆಯವರಿಗೆಲ್ಲ ದಿನಾ ಇಪ್ಪತ್ತು ರೊಟ್ಟಿ ಬಡಿದು, ತಾನು ಮಾತ್ರ ಪುಡಿ ಕುಡಿದು ಮಲಗಬೇಕಾದವಳ ಮಾತು ಅದು. ಪೇಟೆಯ ಪುಸ್ತಕಗಳು ಮನೋಬಲದ ಬಗ್ಗೆ ಬರೆಯುವಾಗ ಇಂಥವಳನ್ನು ಎದುರಿಗೆ ಇಟ್ಟುಕೊಂಡಿರುವುದಿಲ್ಲ.

ನಾನೇನು ದೂರ ನಿಂತು ನೋಡುವವಳಲ್ಲ. ಕೆಲವು ವರ್ಷದ ಹಿಂದೆ ಧಾರವಾಡದ ಒಂದು ಬಡಾವಣೆಯ ಮಹಡಿಯ ಮೇಲಿನ ಕೋಣೆಗೆ ನಾಲ್ಕು ತಿಂಗಳು ಮುಂಜಾನೆ ಆರಕ್ಕೆ ಹೋದವಳು. ಬಿಸಿ ಚಹಾದಂಥದ್ದೊಂದು, ಲೋಳೆಸರದ ನೀರು, ಆಮೇಲೆ ಶೇಕ್, ಹೀಗೆ ಮೂರು ಗ್ಲಾಸು. ಗೋಡೆಯ ಮೇಲೆ ತೂಕದ ಪಟ್ಟಿ, ಕಿಲೊ ಇಳಿದವರಿಗೆ ಚಪ್ಪಾಳೆ. ಒಂಬತ್ತು ಕಿಲೊ ಇಳಿಸಿದೆ, ಫೋಟೊ ತೆಗೆಸಿಕೊಂಡೆ. ಆಮೇಲೆ ಮೂರು ಮಂದಿಯನ್ನು ಕರೆತನ್ನಿ ಎಂಬ ಮಾತು ಶುರುವಾಯಿತು. ಕರೆತರಲಿಲ್ಲ, ಡಬ್ಬಿ ಕೊಳ್ಳುವುದನ್ನೂ ಬಿಟ್ಟೆ. ವಾಟ್ಸ್ಯಾಪ್ ಗುಂಪಿನಿಂದ ನನ್ನ ಹೆಸರು ಹೋಯಿತು, ಒಬ್ಬರೂ ಫೋನ್ ಮಾಡಲಿಲ್ಲ. ಒಂದೂವರೆ ವರ್ಷದಲ್ಲಿ ಹನ್ನೊಂದು ಕಿಲೊ ಮರಳಿ ಬಂತು. ತೂಕ ಬಂದದ್ದಕ್ಕಿಂತ ಫೋನ್ ಬರದಿದ್ದದ್ದೇ ಹೆಚ್ಚು ನೆನಪಿದೆ. ಈ ಲೇಖನಕ್ಕೆ ಕಾರಣವೂ ಅದೇ. ಊಟದ ಬದಲು ಪುಡಿ ಕುಡಿಯುವ ಕಠಿಣ ಪಥ್ಯದಲ್ಲಿ ಮನುಷ್ಯನನ್ನು ನಿಲ್ಲಿಸುವುದು ಗುಂಪು ಎನ್ನುತ್ತಾರೆ. ಹೌದು, ಆದರೆ ಎಂಥ ಗುಂಪು?

ಪುಡಿ ಹೊಸದಲ್ಲ. 1959ರಲ್ಲಿ ಅಮೆರಿಕದ ಮೀಡ್ ಜಾನ್ಸನ್ ಕಂಪನಿ ಮೆಟ್ರೆಕಲ್ ಎಂಬ ಪುಡಿಯನ್ನು ಮಾರುಕಟ್ಟೆಗೆ ತಂದಿತು, ದಿನಕ್ಕೆ 900 ಕ್ಯಾಲರಿಯ ಲೆಕ್ಕ. 1976ರಲ್ಲಿ ರಾಬರ್ಟ್ ಲಿನ್ ಎಂಬ ವೈದ್ಯ ಬರೆದ ಪುಸ್ತಕದಿಂದ ದ್ರವ ಪ್ರೋಟೀನಿನ ಹುಚ್ಚು ಹಬ್ಬಿತು. ಕಸಾಯಿಖಾನೆಯಲ್ಲಿ ಉಳಿದ ಚರ್ಮ, ಸ್ನಾಯುರಜ್ಜುಗಳಿಂದ ತೆಗೆದ ಪ್ರೋಟೀನ್ ಅದು. ಅದನ್ನೇ ಕುಡಿದು ತಿಂಗಳುಗಟ್ಟಲೆ ಇದ್ದವರಲ್ಲಿ ಸುಮಾರು 60 ಮಂದಿ ಸತ್ತರು, ಹಲವರದು ಹೃದಯದ ಬಡಿತ ತಪ್ಪಿ. 1988ರ ನವೆಂಬರಿನಲ್ಲಿ ಓಪ್ರಾ ವಿನ್‌ಫ್ರಿ ತಾನು ದ್ರವ ಪಥ್ಯದಿಂದ ಇಳಿಸಿದ 67 ಪೌಂಡಿಗೆ ಸಮನಾದ ಕೊಬ್ಬನ್ನು ಕೈಗಾಡಿಯಲ್ಲಿ ಎಳೆದುಕೊಂಡು ಟೀವಿ ವೇದಿಕೆಗೆ ಬಂದಳು. ಇಳಿದ ಸುಮಾರು 30 ಕಿಲೊ ಬಹಳ ದಿನ ಹೊರಗೆ ಉಳಿಯಲಿಲ್ಲ, ಅದನ್ನು ಅವಳೇ ಆಮೇಲೆ ಹೇಳಿಕೊಂಡಿದ್ದಾಳೆ. ಮೂವತ್ತು ವರ್ಷ ಈ ಪುಡಿಗೆ ಅಂಟಿಕೊಂಡ ಅಪಖ್ಯಾತಿ ಇಂಥ ಕಥೆಗಳಿಂದ ಬಂದದ್ದು.

ಅದನ್ನು ತೊಳೆದದ್ದು ಬ್ರಿಟನ್ನಿನ ಒಂದು ಪ್ರಯೋಗ. ರಾಯ್ ಟೇಲರ್, ಮೈಕ್ ಲೀನ್ ಎಂಬ ಇಬ್ಬರು ವೈದ್ಯರು ಸ್ಕಾಟ್ಲೆಂಡ್ ಮತ್ತು ಟೈನ್‌ಸೈಡಿನ 49 ಸಾಮಾನ್ಯ ದವಾಖಾನೆಗಳಲ್ಲಿ 306 ಸಕ್ಕರೆ ಕಾಯಿಲೆಯವರನ್ನು ಆರಿಸಿಕೊಂಡರು. ಎಲ್ಲರಿಗೂ ಕಾಯಿಲೆ ಹತ್ತಿ ಆರು ವರ್ಷದೊಳಗೆ, ಯಾರೂ ಇನ್ಸುಲಿನ್ ಮೇಲೆ ಇರಲಿಲ್ಲ. ಅರ್ಧ ಮಂದಿಗೆ ಮೂರರಿಂದ ಐದು ತಿಂಗಳು ಊಟವೇ ಇಲ್ಲ, ದಿನಕ್ಕೆ 825ರಿಂದ 853 ಕ್ಯಾಲರಿಯ ಪುಡಿ ಮಾತ್ರ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 330 ಕ್ಯಾಲರಿ. ನಮ್ಮ ಕಡೆಯ ದೊಡ್ಡ ರೊಟ್ಟಿ ನಾಲ್ಕು, ಪಲ್ಯವಿಲ್ಲ, ಹಿಂಡಿಯಿಲ್ಲ, ಎಣ್ಣೆಯಿಲ್ಲ. ಇಡೀ ದಿನಕ್ಕೆ ಅಷ್ಟೇ. ವರ್ಷದ ಕೊನೆಗೆ ಪುಡಿ ಕುಡಿದವರಲ್ಲಿ ನೂರಕ್ಕೆ 46 ಮಂದಿಗೆ ಗುಳಿಗೆ ಇಲ್ಲದೆ ಸಕ್ಕರೆ ಹತೋಟಿಯಲ್ಲಿತ್ತು, ಮಾಮೂಲಿ ಚಿಕಿತ್ಸೆಯವರಲ್ಲಿ ನೂರಕ್ಕೆ 4. ಎರಡನೇ ವರ್ಷಕ್ಕೆ ಆ 46 ಇಳಿದು 36 ಆಯಿತು. ಐದು ವರ್ಷ ಹಿಂಬಾಲಿಸಿದವರಲ್ಲಿ ಉಳಿದದ್ದು ನೂರಕ್ಕೆ 13. ಮೊದಲ ಅಂಕಿ ಪತ್ರಿಕೆಗಳ ಮುಖಪುಟಕ್ಕೆ ಬಂತು, ಕೊನೆಯ ಅಂಕಿಯನ್ನು ಪುಡಿ ಮಾರುವವರು ಯಾರೂ ಹೇಳುವುದಿಲ್ಲ.

ನನಗೆ ಈ ಅಂಕಿಗಳಿಗಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಪುಡಿ ಮುಗಿದ ಮೇಲಿನ ಏರ್ಪಾಡು. ಅವರನ್ನು ಒಮ್ಮೆಲೇ ಊಟದ ಮುಂದೆ ಕೂರಿಸಲಿಲ್ಲ. ಎರಡರಿಂದ ಎಂಟು ವಾರ, ಒಂದು ಗ್ಲಾಸು ತೆಗೆದು ಒಂದು ಊಟ, ಇನ್ನೊಂದು ತೆಗೆದು ಇನ್ನೊಂದು, ಹೀಗೆ ಮೆಲ್ಲಗೆ. ಆಮೇಲೆ ತಿಂಗಳಿಗೊಮ್ಮೆ ನರ್ಸಮ್ಮನೊ ಆಹಾರತಜ್ಞೆಯೊ ಕೂತು ಮಾತಾಡಿಸಬೇಕು. ತೂಕ ಎರಡು ಕಿಲೊಕ್ಕಿಂತ ಹೆಚ್ಚು ಮರಳಿತೋ, ಬೈಗುಳ ಇಲ್ಲ, ಕೆಲವು ವಾರ ಮತ್ತೆ ಪುಡಿ. ಬೀಳುವವರು ಬೀಳುತ್ತಾರೆ ಎಂದು ಮೊದಲೇ ಒಪ್ಪಿಕೊಂಡು, ಎಬ್ಬಿಸುವ ಕೆಲಸವನ್ನು ಯೋಜನೆಯೊಳಗೇ ಬರೆದಿಟ್ಟಿದ್ದರು. ಪಥ್ಯ ಕಲಿಸುವ ಎಷ್ಟೋ ಕಡೆ ಬಿದ್ದವರಿಗೆಂದು ಒಂದು ಸಾಲೂ ಇರುವುದಿಲ್ಲ.

ಆ ಪ್ರಯೋಗದಲ್ಲಿ ಆಸರೆ ಬಹುಪಾಲು ಒಬ್ಬರಿಗೊಬ್ಬರು ಎದುರು ಕೂತು ಸಿಕ್ಕದ್ದು. ಗುಂಪಿನ ಕಥೆ ಬೇರೆ ದಾರಿಯಲ್ಲಿ ಬಂದಿದೆ. 1961ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಜೀನ್ ನಿಡೆಚ್ ಎಂಬ ಗೃಹಿಣಿ, ಪಥ್ಯದ ನಡುವೆ ಕದ್ದು ಬಿಸ್ಕತ್ತು ತಿನ್ನುವ ತನ್ನ ಚಟವನ್ನು ಯಾರಿಗಾದರೂ ಹೇಳಿಕೊಳ್ಳಬೇಕೆಂದು ಗೆಳತಿಯರನ್ನು ಮನೆಗೆ ಕರೆದಳು. ಅವರೂ ಕದ್ದು ತಿನ್ನುವವರೇ ಆಗಿದ್ದರು. 1963ರಲ್ಲಿ ಅದು ವೇಟ್ ವಾಚರ್ಸ್ ಎಂಬ ಕಂಪನಿಯಾಯಿತು. ನಮ್ಮ ಗಿರಣಿಯ ಪಾಳಿಗೂ ಅದಕ್ಕೂ ಮೂಲದಲ್ಲಿ ಹೆಚ್ಚು ಅಂತರವಿಲ್ಲ, ಬಿಸ್ಕತ್ತಿನ ಬದಲು ಇಲ್ಲಿ ಶೇಂಗಾ ಉಂಡಿ.

1999ರಲ್ಲಿ ರೀನಾ ವಿಂಗ್ ಮತ್ತು ರಾಬರ್ಟ್ ಜೆಫ್ರಿ ಎಂಬ ಸಂಶೋಧಕರು 166 ಮಂದಿಯ ಮೇಲೆ ನಡೆಸಿದ ಒಂದು ಅಧ್ಯಯನ ಪ್ರಕಟವಾಯಿತು. ಕೆಲವರು ಒಬ್ಬೊಬ್ಬರೇ ಬಂದವರು, ಕೆಲವರು ಮೂವರು ಸ್ನೇಹಿತರನ್ನೊ ಮನೆಯವರನ್ನೊ ಕಟ್ಟಿಕೊಂಡು ಬಂದವರು. ಒಬ್ಬರೇ ಬಂದು ಮಾಮೂಲಿ ಪಾಠ ಕೇಳಿದವರಲ್ಲಿ ನೂರಕ್ಕೆ 76 ಮಂದಿ ಕಾರ್ಯಕ್ರಮ ಮುಗಿಸಿದರು, ಇಳಿಸಿದ ತೂಕವನ್ನು ಮುಂದಿನ ಆರು ತಿಂಗಳು ಪೂರ್ತಿ ಕಾಯ್ದುಕೊಂಡವರು 24. ಪರಿಚಿತರೊಂದಿಗೆ ಬಂದು, ಒಬ್ಬರನ್ನೊಬ್ಬರು ಆಧರಿಸುವ ತರಬೇತಿಯನ್ನೂ ಪಡೆದವರಲ್ಲಿ ಮುಗಿಸಿದವರು 95, ಕಾಯ್ದುಕೊಂಡವರು 66. ಈ ಅಂತರ ದೊಡ್ಡದು. ಆದರೆ ಕಣ್ಣಿಟ್ಟು ನೋಡಬೇಕಾದ್ದು "ಪರಿಚಿತರೊಂದಿಗೆ" ಎಂಬ ಮಾತನ್ನು. ಗುಂಪಿಗೆ ಬಂದು ಪರಿಚಯವಾದವರಲ್ಲ ಅವರು, ಗುಂಪು ಮುಗಿದ ಮೇಲೂ ಬಾವಿಕಟ್ಟೆಯಲ್ಲಿ ಸಿಗುವವರು. ನನ್ನ ಮಹಡಿ ಕೋಣೆಯ ಗುಂಪಿನವರಿಗೆ ನನ್ನ ಮನೆ ಎಲ್ಲಿದೆ ಎಂಬುದೇ ಗೊತ್ತಿರಲಿಲ್ಲ.

ಅಮೆರಿಕದಲ್ಲಿ 2001ರಿಂದ 2012ರವರೆಗೆ ನಡೆದ ಲುಕ್ ಅಹೆಡ್ ಎಂಬ ಬೃಹತ್ ಅಧ್ಯಯನವನ್ನೂ ಬಿಡುವಂತಿಲ್ಲ. 5,145 ಮಂದಿ. ಪಥ್ಯದ ತಂಡದವರಿಗೆ ಪುಡಿ ಪುಕ್ಕಟೆ, ಮೊದಲ ಆರು ತಿಂಗಳು ತಿಂಗಳಿಗೆ ಮೂರು ಗುಂಪಿನ ಸಭೆ, ಒಂದು ಖಾಸಗಿ ಭೇಟಿ. ಒಂದು ವರ್ಷಕ್ಕೆ ದೇಹತೂಕದ ನೂರಕ್ಕೆ 8.6 ಪಾಲು ಇಳಿಯಿತು, ಕೊನೆಗೂ ಸುಮಾರು 6 ಪಾಲು ಉಳಿದುಕೊಂಡಿತು. ಹೃದಯಾಘಾತ ಮಾತ್ರ ನಿರೀಕ್ಷಿಸಿದಂತೆ ಕಡಿಮೆಯಾಗಲಿಲ್ಲ.

ಇನ್ನು ನಮ್ಮ ನೆಲಕ್ಕೆ ಬರೋಣ. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಹೇಳಿದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ನಮ್ಮ ಮೈಕಟ್ಟಿಗೆ ಹೊಟ್ಟೆಯ ಬೊಜ್ಜೇ ಶತ್ರು. ಬಿಎಂಐ 25 ದಾಟಿದರೆ ನಮ್ಮಲ್ಲಿ ಅದು ಬೊಜ್ಜೇ ಎಂದು 2009ರಲ್ಲಿ ಭಾರತದ ತಜ್ಞರು ಒಪ್ಪಿಕೊಂಡಿದ್ದಾರೆ. ಐದಡಿ ಒಂದಿಂಚಿನ ಹೆಂಗಸಿಗೆ ಅರವತ್ತು ಕಿಲೊ. ಇದನ್ನು ಗಿರಣಿಯಲ್ಲಿ ಹೇಳಿದಾಗ "ಅರವತ್ತಂದ್ರ ಹೊಲಕ್ಕ ಹೋಗಾಕ ತ್ರಾಣರ ಇರತೈತೇನ?" ಎಂದು ಒಬ್ಬಳು ಕೇಳಿದಳು. ಮೊದಲು ಕಳೆ ಕೀಳಲು, ಹತ್ತಿ ಬಿಡಿಸಲು ದಿನಾ ಹೊಲಕ್ಕೆ ಹೋಗುತ್ತಿದ್ದವರು ಈಗ ಸುಗ್ಗಿಗೆ ಯಂತ್ರ ಬಂದ ಮೇಲೆ ವಾರಕ್ಕೊಮ್ಮೆ ಹೋದರೆ ಹೆಚ್ಚು. ಬುತ್ತಿಯ ರೊಟ್ಟಿ ಮಾತ್ರ ಕಡಿಮೆಯಾಗಿಲ್ಲ.

ಪಥ್ಯ, ಗುಂಪು ಎರಡೂ ನಮಗೆ ಹೊಸವಲ್ಲ ಎಂಬುದು ಈ ಪುಡಿಯ ಚರ್ಚೆಯಲ್ಲಿ ಯಾಕೋ ಮರೆತೇ ಹೋಗುತ್ತದೆ. ಅಯ್ಯಪ್ಪನ ಮಾಲೆ ಹಾಕಿದ ಹುಡುಗರನ್ನು ನೋಡಿ. 41 ದಿನ ಕುಡಿತವಿಲ್ಲ, ಬೀಡಿಯಿಲ್ಲ, ಮಾಂಸವಿಲ್ಲ, ಬರಿಗಾಲು. ವರ್ಷಪೂರ್ತಿ ಹೆಂಡತಿ ಅತ್ತರೂ ಬಿಡದವನು ಬಿಡುತ್ತಾನೆ. ಕಪ್ಪು ಬಟ್ಟೆ ಉಟ್ಟವನಿಗೆ ಅಂಗಡಿಯವನು ತಾನಾಗಿ ಗುಟ್ಕಾ ಕೊಡುವುದಿಲ್ಲ, ಗೆಳೆಯರು "ಸ್ವಾಮಿ" ಎನ್ನುತ್ತಾರೆ, ಇಡೀ ಊರೇ ಅವನ ಗುಂಪಾಗುತ್ತದೆ. ರಂಜಾನಿನಲ್ಲಿ ಮುಸಲ್ಮಾನರ ಓಣಿ ಒಟ್ಟಿಗೇ ಏಳುತ್ತದೆ, ಒಟ್ಟಿಗೇ ಉಪವಾಸ ಬಿಡುತ್ತದೆ. ನಮ್ಮ ಅವ್ವ ಶ್ರಾವಣ ಸೋಮವಾರ ಒಂದೊಪ್ಪತ್ತು ಇದ್ದಾಗ ಅದನ್ನು ಯಾರೂ ಮನೋಬಲ ಎನ್ನಲಿಲ್ಲ.

ಇವಕ್ಕೆಲ್ಲ ಒಂದು ಸಾಮಾನ್ಯ ಲಕ್ಷಣವಿದೆ: ಮುಗಿಯುವ ದಿನ ಗೊತ್ತಿರುತ್ತದೆ. ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆಯುವ ದಿನ, ಈದಿನ ಚಂದ್ರ, ಶ್ರಾವಣದ ಕೊನೆಯ ಸೋಮವಾರ. ಮುಗಿಸುವುದಕ್ಕೂ ಒಂದು ವಿಧಿಯಿದೆ, ಎಲ್ಲರೂ ಕೂತು ಉಣ್ಣುತ್ತಾರೆ. ದೌರ್ಬಲ್ಯವೂ ಅಲ್ಲೇ ಇದೆ. ಮಾಲೆ ತೆಗೆದ ರಾತ್ರಿಯೇ ಬಾಟಲಿ ತೆಗೆದವರು ನಮ್ಮಲ್ಲಿ ಕಡಿಮೆಯಿಲ್ಲ. ಈ ತೂತನ್ನು ಮುಚ್ಚಲು ನೋಡಿದ್ದು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. ಎಂಟು ದಿನದ ಶಿಬಿರ ಮುಗಿಸಿ ಮನೆಗೆ ಕಳಿಸಿ ಕೈತೊಳೆದುಕೊಳ್ಳುವುದಿಲ್ಲ. ಬಿಟ್ಟವರನ್ನೇ ಸೇರಿಸಿ ನವಜೀವನ ಸಮಿತಿ ಮಾಡುತ್ತಾರೆ, ಶಿಬಿರ ಮುಗಿದ ಮೇಲೂ ಕೂಡುತ್ತಾರೆ. ಅನ್ನವನ್ನು ಕುಡಿತದಂತೆ ಪೂರ್ತಿ ಬಿಡುವುದಾಗುವುದಿಲ್ಲ ನಿಜ. ದಿನಾ ಮೂರು ಸಲ ಅದರ ಮುಂದೆ ಕೂತು ಇಷ್ಟು ಸಾಕು ಎನ್ನಬೇಕು. ಹಾಗಾಗಿಯೇ ಪುಡಿಯವರಿಗೆ ಇಂಥ ಸಮಿತಿ ಕುಡುಕರಿಗಿಂತ ಹೆಚ್ಚು ಬೇಕು.

ಪುಡಿ ಮಾರುವ ಗುಂಪಿಗೆ ಮುಗಿಯುವ ದಿನವೇ ಇಲ್ಲ. ಇದು ಯಾರ ಕೆಟ್ಟತನವೂ ಅಲ್ಲ, ವ್ಯಾಪಾರದ ಸ್ವಭಾವ. 1980ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿ 1999ರಲ್ಲಿ ಭಾರತಕ್ಕೆ ಬಂದು ಬೆಂಗಳೂರಿನಲ್ಲಿ ಕಚೇರಿ ತೆರೆದ ಹರ್ಬಲೈಫ್‌ನ ಪುಡಿ ಅಂಗಡಿಯಿಂದಲ್ಲ, ಪರಿಚಿತರ ಕೈಯಿಂದ ಕೈಗೆ ಹೋಗುತ್ತದೆ. ಪುಡಿ ಕುಡಿಯುವವರು ಸೇರುವ ನ್ಯೂಟ್ರಿಷನ್ ಕ್ಲಬ್ ಎಂಬ ಏರ್ಪಾಡು ಮೆಕ್ಸಿಕೊದಲ್ಲಿ ಬೆಳೆದು ಇಲ್ಲಿಗೆ ಬಂತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆ ಕಂಪನಿಯ ಗಳಿಕೆಯ ಭರವಸೆಗಳ ಮೇಲೆ ಹೂಡಿದ ಮೊಕದ್ದಮೆ 2016ರಲ್ಲಿ 20 ಕೋಟಿ ಡಾಲರ್ ಕೊಟ್ಟು, ವ್ಯವಹಾರದ ರೀತಿ ಬದಲಿಸಲು ಒಪ್ಪಿ ಮುಗಿಯಿತು. ನಮ್ಮ ಸರಕಾರ 2021ರ ಡಿಸೆಂಬರಿನಲ್ಲಿ ನೇರ ಮಾರಾಟದ ನಿಯಮಗಳನ್ನು ತಂದು ಪಿರಮಿಡ್ ಯೋಜನೆಗಳನ್ನು ನಿಷೇಧಿಸಿತು. ಕ್ಲಬ್ಬಿಗೆ ಹೋಗಿ ಆರೋಗ್ಯ ಸುಧಾರಿಸಿಕೊಂಡವರನ್ನು ನಾನು ಬಲ್ಲೆ, ಅದನ್ನು ನಡೆಸುವ ಎಷ್ಟೋ ಹೆಣ್ಣುಮಕ್ಕಳು ತಮ್ಮ ಕಾಲ ಮೇಲೆ ತಾವು ನಿಂತಿದ್ದಾರೆ. ಆದರೆ ನಿಮ್ಮನ್ನು ಹುರಿದುಂಬಿಸುವವರ ಸಂಪಾದನೆ ನೀವು ಕೊಳ್ಳುವ ಡಬ್ಬಿಯ ಮೇಲೆ ನಿಂತಿದ್ದರೆ, ಈಗ ಪುಡಿ ಸಾಕು, ರೊಟ್ಟಿಗೆ ಬಾ ಎಂದು ಹೇಳುವುದು ಅವರಿಗೆ ಕಷ್ಟ. ಉಪ್ಪಿನಬೆಟಗೇರಿಯ ಏಳು ಮಂದಿಯಲ್ಲಿ ಡಬ್ಬಿ ಮಾರುವವರು ಒಬ್ಬರೂ ಇರಲಿಲ್ಲ. ಅದನ್ನು ಯೋಚಿಸಿ ಮಾಡಿದರೋ ತಾನಾಗಿ ಹಾಗಾಯಿತೋ, ಅಂತೂ ಒಳ್ಳೆಯದಾಯಿತು.

ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದುವ ಅಭ್ಯಾಸವೂ ಬೇಕು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನಕದ ಪ್ರಕಾರ ಒಂದು ಊಟದ ಬದಲಿಗೆ ಕೊಡುವ ಪುಡಿಯಲ್ಲಿ 200ರಿಂದ 400 ಕ್ಯಾಲರಿ ಇರಬೇಕು. ಇಡೀ ದಿನದ ಊಟದ ಬದಲಿಗಾದರೆ 800ರಿಂದ 1,200. ಹಾಲಿಲ್ಲದೆ ನೀರಲ್ಲಿ ಕಲಸಿದರೆ ಕೆಲವು ಪುಡಿಯ ಒಂದು ಚಮಚೆ ನೂರಕ್ಕೂ ಮುಟ್ಟುವುದಿಲ್ಲ. ಹಾಲು ಉಳಿಸಿ ನೀರು ಹಾಕಿಕೊಂಡವರು ಪಥ್ಯ ಮಾಡುತ್ತಿಲ್ಲ, ಉಪವಾಸ ಬೀಳುತ್ತಿದ್ದಾರೆ. ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಗಂಭೀರ: ಶುಗರ್ ಗುಳಿಗೆ, ಅದರಲ್ಲೂ ಗ್ಲಿಮಿಪಿರೈಡ್‌ನಂಥದ್ದು, ಇಲ್ಲವೆ ಇನ್ಸುಲಿನ್ ತೆಗೆದುಕೊಳ್ಳುತ್ತ ಒಮ್ಮೆಲೇ ಊಟ ಬಿಟ್ಟರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಬ್ರಿಟನ್ನಿನ ಪ್ರಯೋಗದಲ್ಲಿ ಶುಗರಿನ, ಬಿಪಿಯ ಗುಳಿಗೆಗಳನ್ನು ಮೊದಲ ದಿನವೇ ವೈದ್ಯರು ನಿಲ್ಲಿಸಿದ್ದರು. ಅದನ್ನು ವೈದ್ಯರೇ ಮಾಡಬೇಕು, ಗುಂಪಿನ ಅಕ್ಕ ಅಲ್ಲ. ಬಸುರಿಯರು, ಎದೆಹಾಲು ಕುಡಿಸುವವರು, ಕಿಡ್ನಿಯ ತೊಂದರೆ ಇರುವವರು ಈ ಕಡೆ ಬರಲೇಬಾರದು. ತೂಕ ಜೋರಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲಾಗಬಹುದು, ಮಲಬದ್ಧತೆ ಕಟ್ಟಿಟ್ಟದ್ದು, ಮೂರನೇ ತಿಂಗಳಿಗೆ ಬಾಚಣಿಕೆಯಲ್ಲಿ ಕೂದಲು ಹೆಚ್ಚು ಸಿಗುತ್ತದೆ. ನನಗೆ ಸಿಕ್ಕಿತ್ತು. "ವಿಷ ಹೊರಗೆ ಹೋಗ್ತಿದೆ" ಎಂದು ಆಗ ನನಗೆ ಹೇಳಿದ್ದರು, ನಾನೂ ನಂಬಿದ್ದೆ.

ಪುಡಿಯೇ ಯಾಕೆ ಎನ್ನುವವರೂ ಇದ್ದಾರೆ. 2023ರಲ್ಲಿ ಪದ್ಮಶ್ರೀ ಪಡೆದ ಮೈಸೂರಿನ ಖಾದರ್ ವಲಿ ಅವರ ಸಿರಿಧಾನ್ಯದ ಅಂಬಲಿ, ಲಾತೂರಿನ ಡಾಕ್ಟರ್ ಜಗನ್ನಾಥ ದೀಕ್ಷಿತರ ದಿನಕ್ಕೆ ಎರಡೇ ಊಟದ ಕ್ರಮ, ಎರಡಕ್ಕೂ ಅನುಯಾಯಿಗಳು ಬಹಳ. ಎರಡರಲ್ಲೂ ಜನ ಉಳಿಯುವುದು ವಾಟ್ಸ್ಯಾಪ್ ಗುಂಪು, ಸಭೆಗಳ ಬಲದ ಮೇಲೆಯೇ. ಅವುಗಳ ಹಕ್ಕುಸಾಧನೆಗಳನ್ನು ಇಲ್ಲಿ ತೂಗಲು ಹೋಗುವುದಿಲ್ಲ. ಪುಡಿಯ ಒಂದೇ ಒಂದು ಅನುಕೂಲ ಎಂದರೆ ಅದು ಆಯ್ಕೆಯನ್ನೇ ಕಸಿದುಕೊಳ್ಳುತ್ತದೆ. ಮೂರು ನಾಲ್ಕು ದಿನ ತಲೆನೋವು, ಸಿಟ್ಟು. ಆಮೇಲೆ ದೇಹ ಕೊಬ್ಬನ್ನೇ ಉರಿಸತೊಡಗಿದಂತೆ ಎಷ್ಟೋ ಮಂದಿಗೆ ಹಸಿವೂ ತಗ್ಗುತ್ತದೆ. ಎಷ್ಟು ತಿನ್ನಲಿ ಎಂಬ ದಿನನಿತ್ಯದ ಚೌಕಾಸಿ ಇಲ್ಲ. 2025ರಲ್ಲಿ ಮೌಂಜಾರೊ, ವೆಗೊವಿ ಎಂಬ ವಾರಕ್ಕೊಮ್ಮೆಯ ಸೂಜಿಮದ್ದುಗಳೂ ಭಾರತಕ್ಕೆ ಬಂದಿವೆ. ಅವುಗಳ ಬೆಲೆಯನ್ನು ಗಿರಣಿಯಲ್ಲಿ ಹೇಳಿದಾಗ ಎಲ್ಲರೂ ನಕ್ಕರು.

ಪಂಚಮಿಗೆ ಮತ್ತೆ ತವರಿಗೆ ಹೋದೆ. ಲೆಕ್ಕದ ಪ್ರಕಾರ ಹನ್ನೆರಡನೇ ವಾರ. ಬೇಕಂತಲೇ ಹಾಗೆ ಇಟ್ಟುಕೊಂಡಿದ್ದರಂತೆ. "ಪಂಚಮಿಗೆ ಉಂಡಿ ತಿನ್ನದಾಕಿ ಹೆಣಮಗಳಲ್ಲ, ಅಲ್ಲೀತನ ಅಷ್ಟ" ಎಂದು ಮೊದಲ ದಿನವೇ ಹೇಳಿಕೊಂಡಿದ್ದರು. ಆದರೆ ಉಂಡಿಗೆ ಹೇಗೆ ಹೋಗಬೇಕು ಎಂಬ ಚರ್ಚೆ ಎರಡು ಸೋಮವಾರ ನಡೆದಿತ್ತು. ಒಬ್ಬಳು ಪೂರ್ತಿ ಬೇಡ ಅಂದಳು, ಇನ್ನೊಬ್ಬಳು ಆ ದಿನ ಲೆಕ್ಕವೇ ಬೇಡ ಅಂದಳು. ಕೊನೆಗೆ ದಿನಕ್ಕೆ ಎರಡು ಉಂಡಿ, ಒಂದು ಶೇಂಗಾ, ಒಂದು ಎಳ್ಳು, ರಾತ್ರಿ ಗ್ಲಾಸಿನ ಬದಲು ನುಚ್ಚು-ಮಜ್ಜಿಗೆ ಎಂದು ತೀರ್ಮಾನ. ಮುಂಜಾನೆಯ ಗ್ಲಾಸು ದಸರಾ ತನಕ ಇರಲಿ, ಆಮೇಲೆ ಅದೂ ಬೇಡ. ಸೋಮವಾರದ ಕಾಂಟಾ ಮಾತ್ರ ನಿಲ್ಲುವುದಿಲ್ಲ. ಬ್ರಿಟನ್ನಿನ ಆ ವೈದ್ಯರು ಇದನ್ನು ಓದಿದ್ದರೆ ತಮ್ಮದೇ ಕಾಗದ ಅಂದುಕೊಳ್ಳುತ್ತಿದ್ದರೇನೊ.

ಏಳರಲ್ಲಿ ಐದು ಮಂದಿ ಉಳಿದಿದ್ದರು. ಸಣ್ಣವ್ವ ಅರವತ್ತಾರೂವರೆಗೆ ಬಂದಿದ್ದಳು. ಬಿಟ್ಟ ಇಬ್ಬರಲ್ಲಿ ಒಬ್ಬಳಿಗೆ ಶುಗರ್ ಗುಳಿಗೆ ಇತ್ತು. ದವಾಖಾನೆಯಲ್ಲಿ ಬೇಡ ಎಂದರು, ಬಿಟ್ಟಳು. ಇನ್ನೊಬ್ಬಳು ನಾಲ್ಕನೇ ವಾರಕ್ಕೆ ಮಗಳ ಸೀಮಂತದ ಹೋಳಿಗೆಗೆ ಸೋತು, ನಾಚಿಕೊಂಡು ಎರಡು ಸೋಮವಾರ ಗಿರಣಿ ಕಡೆ ಸುಳಿಯಲಿಲ್ಲ. ಮೂರನೇ ಸೋಮವಾರ ಪುಸ್ತಕ ಹಿಡಿಯುವವಳು ಅವಳ ಮನೆಗೇ ಹೋಗಿ, ಸಂಘದ ಉಳಿತಾಯದ ರೊಕ್ಕ ಬಾಕಿ ಇದೆ ಎಂದು ನೆಪ ಹೇಳಿ ಕರೆತಂದಳಂತೆ. ಪುಡಿ ಅವಳು ಮತ್ತೆ ಮುಟ್ಟಲಿಲ್ಲ. ಸೋಮವಾರ ಬರುವುದನ್ನು ಮಾತ್ರ ತಪ್ಪಿಸಲಿಲ್ಲ, ಅವಳ ಹೆಸರಿನ ಸಾಲನ್ನು ಯಾರೂ ಹೊಡೆದುಹಾಕಲೂ ಇಲ್ಲ.

ಪಂಚಮಿಯ ಮರುವಾರ ಅವಳೂ ಕಾಂಟಾದ ಮೇಲೆ ಹತ್ತಿದಳು. ಶುರುವಿಗೆ ಇದ್ದುದಕ್ಕಿಂತ ಅರ್ಧ ಕಿಲೊ ಹೆಚ್ಚೇ ಇತ್ತು. ಗಿರಣಿಯ ಹುಡುಗ ಎಂದಿನಂತೆ ಗಂಟಲು ಹರಿಯುವಂತೆ ಕೂಗಿದ. ಪುಸ್ತಕದವಳು ಬರೆದುಕೊಂಡಳು. ಸಣ್ಣವ್ವ ಹುಡುಗನ ಕಡೆ ತಿರುಗಿ ಅಂದಳು: "ಮೆಲ್ಲಕ ಹೇಳೋ ನಮ್ಮಪ್ಪ, ಜ್ವಾಳ ತೂಗಾಕತ್ತಿಯೇನು?"